ಕವಿಚರಿತೆಯಲ್ಲಿ ಕಾಣದ ಓದುಗ

ಕನ್ನಡ ಸಾಹಿತ್ಯಚರಿತ್ರೆಯ ಅಧ್ಯಯನಕ್ಕೆ ಭದ್ರವಾದ ಬುನಾದಿಯನ್ನು ಹಾಕಿದ ಗ್ರಂಥ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’. ಅದರ ಪ್ರಥಮ ಸಂಪುಟ ಪ್ರಕಟವಾದುದು 1907ರಲ್ಲಿ. ಕವಿಯ ಕಾಲವಾವುದು, ಮತವಾವುದು, ಆಶ್ರಯದಾತನಾರು, ಕೃತಿಗಳೆಷ್ಟು ಎಂಬ ಪ್ರಶ್ನೆಗಳಿಗೆ ಅಲ್ಲಿ ದೊರೆತ ಉತ್ತರಗಳಿಗಾಗಿ ಕನ್ನಡಿಗರು ಆ ಮಹನೀಯರಿಗೆ ಚಿರಋಣಿಗಳು. ಆದರೆ ಅಂದಿನಿಂದ ಸಾಹಿತ್ಯದ ಚರಿತ್ರೆಯೆಂದರೆ ಬರೆದವರ ಚರಿತ್ರೆಯೆಂದೇ ರೂಢಿಯಾಯಿತು. ಆ ಕೃತಿಗಳನ್ನು ಓದಿದವರಾರು, ಹೇಗೆ ಓದಿದರು, ಓದಿ ಏನು ಮಾಡಿದರು ಎಂಬ ವಿಚಾರ ಬಹುಮಟ್ಟಿಗೆ ಹಿಂದೆಯೇ ಉಳಿಯಿತು.

ಈ ಕೊರತೆಯಿಂದ ಹೆಚ್ಚಿನ ಅನ್ಯಾಯವಾಗಿರುವುದು ಗಡಿಭಾಗಗಳಿಗೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಸೀಮೆಯನ್ನೇ ನೋಡಬಹುದು. ಮೊದಲು ಕೋಲಾರ ಜಿಲ್ಲೆಗೆ ಸೇರಿದ್ದ ಈ ಭಾಗ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಅನೇಕ ಮನೆಗಳಲ್ಲಿ ಮಾತು ತೆಲುಗು, ಬರಹ ಕನ್ನಡ. ಕವಿಗಳ ಪಟ್ಟಿಯನ್ನು ಮಾತ್ರ ಹಿಡಿದು ಅಳೆದರೆ ಕನ್ನಡ ಸಾಹಿತ್ಯದಲ್ಲಿ ಈ ನಾಡಿನ ಪಾಲು ಅಲ್ಪವೆಂದೇ ತೋರುತ್ತದೆ. ಆದರೆ ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನು ತೆರೆದರೆ ಕನ್ನಡ, ತೆಲುಗು, ತಮಿಳು ಮೂರು ಭಾಷೆಗಳ ಶಾಸನಗಳೂ ಕಾಣಸಿಗುತ್ತವೆ. ಬರೆಯಿಸಿದವನು ಓದಬಲ್ಲವರನ್ನು ನೆನೆದೇ ಬರೆಯಿಸುತ್ತಾನೆ. ಓದುವವರಿಲ್ಲದ ನಾಡಿನಲ್ಲಿ ಕಲ್ಲಿನ ಮೇಲೆ ಅಕ್ಷರ ಮೂಡುವುದಿಲ್ಲ.

ಹಿಂದಿನವರ ಓದು ಇಂದಿನ ಓದಿನಂತಿರಲಿಲ್ಲ. ಓಲೆಗರಿಯಲ್ಲಿ ಪದ ಪದಗಳ ನಡುವೆ ತೆರಪಿಲ್ಲ, ಲೇಖನಚಿಹ್ನೆಗಳೂ ಇಲ್ಲ. ಸಾಲಿನುದ್ದಕ್ಕೂ ಅಕ್ಷರಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಅಂತಹ ಬರಹವನ್ನು ಬಾಯ್ದೆರೆದು ಉಚ್ಚರಿಸಿ, ಕಿವಿಯಿಂದ ಪದವಿಂಗಡಿಸಿಕೊಂಡಲ್ಲದೆ ಅರ್ಥ ಕೈಗೆ ಸಿಕ್ಕದು. ಆದುದರಿಂದ ಓದೆಂಬುದು ಸಹಜವಾಗಿಯೇ ಸಭೆಯ ಕಾರ್ಯವಾಯಿತು. ಒಬ್ಬನು ರಾಗವಾಗಿ ವಾಚಿಸುವನು, ಮತ್ತೊಬ್ಬನು ಅರ್ಥ ಹೇಳುವನು, ಉಳಿದವರು ಕೇಳುವರು. ‘ಓದು’ ಮತ್ತು ‘ಕೇಳು’ ಎಂಬ ಎರಡು ಕ್ರಿಯೆಗಳು ಅಲ್ಲಿ ಒಂದೇ ಆಗಿದ್ದುವು. ಅಕ್ಷರ ಬಾರದವನೂ ಕಾವ್ಯವನ್ನು ಬಲ್ಲವನಾಗಿರಲು ಸಾಧ್ಯವಾದುದು ಹೀಗೆ. ಕಿವಿಯಿಂದ ನಡೆಯುವ ಈ ಓದಿಗೆ ಲಿಪಿಯ ಗಡಿ ಅಷ್ಟಾಗಿ ತಡೆಯಲ್ಲವೆಂಬುದೂ ಇಲ್ಲಿ ಗಮನಾರ್ಹ. ತೆಲುಗು ಮಾತಿನ ಮನೆಯವನು ಕನ್ನಡ ಷಟ್ಪದಿಯನ್ನು ಕೇಳಿ ತಿಳಿಯಬಲ್ಲನು. ಕನ್ನಡಿಗನು ತೆಲುಗು ದ್ವಿಪದವನ್ನು ಕೇಳಿ ತಲೆದೂಗಬಲ್ಲನು.

ಇದಕ್ಕೆ ವೀರಶೈವ ಸಾಹಿತ್ಯದಲ್ಲಿಯೇ ಉಜ್ಜ್ವಲವಾದ ನಿದರ್ಶನವಿದೆ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ದ್ವಿಪದದಲ್ಲಿ ರಚಿಸಿದ ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡ ಭಾಮಿನಿ ಷಟ್ಪದಿಗೆ ತಂದನು. ಮುಂದೆ ಚಾಮರಸನ ಪ್ರಭುಲಿಂಗಲೀಲೆ ಕನ್ನಡದಿಂದ ಹೊರಟು ಪಿಡುಪರ್ತಿ ಸೋಮನಾಥನಿಂದ ತೆಲುಗಿಗೂ, ಹದಿನೇಳನೆಯ ಶತಮಾನದಲ್ಲಿ ಶಿವಪ್ರಕಾಶರಿಂದ ತಮಿಳಿಗೂ ಹೋಯಿತು. ಭೀಮಕವಿಯನ್ನು ಅನುವಾದಕನೆಂದು ಕರೆದು ಮುಗಿಸುವುದು ವಾಡಿಕೆ. ಅದಕ್ಕೆ ಮೊದಲು ಅವನು ಓದುಗ. ತೆಲುಗಿನ ಜಾಡನ್ನು ಹಿಡಿದು, ಕನ್ನಡದ ಕೇಳುಗರಿಗೆ ಯಾವ ಮಟ್ಟು ಒಗ್ಗುವುದೆಂದು ತೂಗಿನೋಡಿದ ಓದುಗ. ಎರಡು ನುಡಿಗಳಲ್ಲಿ ಕೇಳಿ ಬಲ್ಲ ಜನರಿರುವ ಸೀಮೆಗಳೇ ಇಂತಹ ಸಂಚಾರಕ್ಕೆ ಹೆದ್ದಾರಿಗಳು. ಅಂತಹ ಸೀಮೆಯನ್ನು ‘ಕವಿಗಳಿಲ್ಲದ ನಾಡು’ ಎನ್ನುವುದು ಹೆದ್ದಾರಿಯಲ್ಲಿ ಮನೆಗಳಿಲ್ಲವೆಂದು ದೂರಿದಂತೆ.

ಚಿಂತಾಮಣಿ ತಾಲ್ಲೂಕಿನ ಕೈವಾರ ಈ ಮಾತಿಗೆ ಸಾಕ್ಷಿಯಾಗಿ ನಿಂತಿದೆ. ಪರಂಪರೆಯ ಪ್ರಕಾರ 1726ರಿಂದ 1836ರವರೆಗೆ ಬಾಳಿದ ಕೈವಾರದ ನಾರಾಯಣ ಯೋಗಿಗಳು, ಜನರ ಬಾಯಲ್ಲಿ ‘ತಾತಯ್ಯ’ನವರು, ತೆಲುಗು ಕನ್ನಡಗಳೆರಡರಲ್ಲಿಯೂ ಪದಗಳನ್ನು ಹಾಡಿದರು. ಬಳೆ ಮಾರುವ ಕುಲವೃತ್ತಿಯಿಂದ ಬಂದ ಅವರ ನುಡಿ ಭಜನೆಯ ಮೂಲಕ ಊರಿಂದೂರಿಗೆ ಸಾಗಿತು. ಅವರ ಪದಗಳು ಯಾವ ಭಾಷೆಯ ಸಾಹಿತ್ಯಚರಿತ್ರೆಗೆ ಸೇರಬೇಕೆಂಬ ಚರ್ಚೆ ವಿದ್ವಾಂಸರದು. ಹಾಡುವವನಿಗೆ ಆ ತೊಡಕಿಲ್ಲ. ಒಂದು ರಾತ್ರಿಯ ಭಜನೆಯಲ್ಲಿ ಎರಡು ಭಾಷೆಗಳೂ ಸಲ್ಲುತ್ತವೆ.

ಓದುಗನು ಕೇವಲ ಗ್ರಾಹಕನಲ್ಲ, ಅವನೂ ಕರ್ತೃ ಎಂಬುದಕ್ಕೆ ಶೂನ್ಯಸಂಪಾದನೆಗಿಂತ ಮಿಗಿಲಾದ ಆಧಾರ ಬೇಡ. ಶರಣರು ಬೇರೆ ಬೇರೆ ಸಂದರ್ಭಗಳಲ್ಲಿ ನುಡಿದ ವಚನಗಳನ್ನು ಶಿವಗಣಪ್ರಸಾದಿ ಮಹಾದೇವಯ್ಯನು ಸಂವಾದರೂಪದಲ್ಲಿ ಜೋಡಿಸಿದನು. ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಅದನ್ನೇ ಮತ್ತೆ ಓದಿ ಮತ್ತೆ ಕಟ್ಟಿದರು. ಸಿದ್ಧರಾಮನಿಗೆ ಚನ್ನಬಸವಣ್ಣನಿಂದ ದೀಕ್ಷೆಯಾಗುವ ಪ್ರಸಂಗ ಮೊದಲ ಸಂಪಾದನೆಯಲ್ಲಿಲ್ಲ. ಅನಂತರ ಅದು ಸೇರಿತು. ಒಂದು ಪ್ರಶ್ನೆ ಓದುಗರ ಮನಸ್ಸಿನಲ್ಲಿ ತಲೆಮಾರುಗಳ ಕಾಲ ಕುದಿದುದರ ಗುರುತಿದು. ಇದನ್ನು ಪ್ರಕ್ಷೇಪವೆಂದಷ್ಟೇ ಕರೆದು ತಳ್ಳಿಹಾಕಿದರೆ ಆ ಓದುಗರ ಕಾಳಜಿ ಕಾಣದೆ ಹೋಗುತ್ತದೆ. ಮೂಲದಲ್ಲಿಯೇ ಇತ್ತೆಂದು ಒಪ್ಪಿಬಿಟ್ಟರೆ ಶರಣರ ನುಡಿಗೇ ಅಪಚಾರವಾಗುತ್ತದೆ. ವಚನ ಯಾರದು, ಜೋಡಣೆ ಯಾರದು ಎಂದು ಬೇರ್ಪಡಿಸಿ, ಎರಡಕ್ಕೂ ತಕ್ಕ ಗೌರವವನ್ನು ಸಲ್ಲಿಸುವುದೇ ನ್ಯಾಯವಾದ ವಿಮರ್ಶೆ.

ಹಾಗೆಂದು ಪ್ರಾಚೀನರ ಓದೆಲ್ಲ ನಿರ್ದುಷ್ಟವಾಗಿತ್ತೆಂದು ಹೊಗಳಬೇಕಾಗಿಲ್ಲ. ಅರ್ಥ ಹೇಳುವವನ ಮಾತೇ ಕೊನೆಯದಾದಾಗ ಕೇಳುಗನ ಸಂದೇಹ ಬಾಯಿ ಬಿಡಲಾರದೆ ಉಳಿಯುತ್ತಿತ್ತು. ಬೆಳಕಿನಂತಹ ಸರಳ ವಚನಕ್ಕೆ ಶಾಸ್ತ್ರಪರಿಭಾಷೆಯ ಭಾರವನ್ನು ಹೊರಿಸಿದ ಟೀಕೆಗಳೂ ಉಂಟು. ಇವೆಲ್ಲಕ್ಕಿಂತ ದೊಡ್ಡ ಕೇಡೆಂದರೆ ಓಲೆಯ ಕಟ್ಟು ಜಗಲಿಯೇರಿ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಹುಳುವಿನ ಪಾಲಾದುದು. ಫ. ಗು. ಹಳಕಟ್ಟಿಯವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮನೆಮನೆಗಳಿಂದ ಓಲೆಗಳನ್ನು ಅರಸಿ ತಂದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚುಮಾಡಿಸಿದುದು ಈ ಮೌನವನ್ನು ಮುರಿಯಲೆಂದೇ. ಪೂಜೆ ಓದಿಗೆ ಮುನ್ನುಡಿಯಾಗಬಹುದು; ಓದಿನ ಬದಲಿಯಾಗಲಾರದು.

1993ರಲ್ಲಿ ಸಮಗ್ರ ವಚನ ಸಂಪುಟಗಳು 15 ಸಂಪುಟಗಳಾಗಿ ಹೊರಬಂದ ಮೇಲೆ ವಚನಗಳ ಕೊರತೆಯೆಂಬ ಮಾತು ಇಲ್ಲವಾಯಿತು. ಉಳಿದಿರುವುದು ಓದಿನ ಕೊರತೆ. ಭಾಷಣಕ್ಕೆ ಬೇಕಾದ ಒಂದೊಂದು ಸಾಲನ್ನು ಕಿತ್ತುಕೊಳ್ಳುವ ಇಂದಿನ ಪದ್ಧತಿಗಿಂತ, ಒಂದು ವಚನವನ್ನು ಹಿಂದುಮುಂದಿನ ವಚನಗಳೊಡನೆ ಇಟ್ಟು, ಸ್ಥಲವನ್ನರಿತು, ಗಟ್ಟಿಯಾಗಿ ಓದಿ ಕೇಳಿಸಿದ ಹಳೆಯ ಪದ್ಧತಿ ಆಳವಾದುದು. ಸಾಹಿತ್ಯದ ವಿದ್ಯಾರ್ಥಿಗಳು ಹಸ್ತಪ್ರತಿಯ ಕೊನೆಯಲ್ಲಿ ಪ್ರತಿಕಾರನು ಬಿಟ್ಟುಹೋದ ಮಾತುಗಳನ್ನೂ, ಟೀಕೆಯ ಅಂಚಿನ ತಿದ್ದುಪಡಿಗಳನ್ನೂ, ಭಜನೆಯ ಪಾಠಾಂತರಗಳನ್ನೂ ಊರೂರಿಗೆ ಹೋಗಿ ಸಂಗ್ರಹಿಸಲಿ. ಕೈವಾರದ ಸುತ್ತಲಿನ ಹಾಡುಗಾರರಿಂದಲೇ ಆ ಕಾರ್ಯ ತೊಡಗಬಹುದು. ನಂದಿಬೆಟ್ಟದ ಸುತ್ತಲಿನ ಈ ಸೀಮೆಗೆ ಕವಿಚರಿತೆಯಲ್ಲಿ ದೊರೆಯದ ಸ್ಥಾನ ಓದುಗರ ಚರಿತೆಯಲ್ಲಿ ಆಗ ದೊರೆತೀತು.