ಹಿಂದಿನ ಸೀಟಿಗೆ ಮೊದಲ ಮಣೆ

ಹೆಲ್ಮೆಟ್ ಇಂಟರ್‌ಕಾಮ್ ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ದೂರದ ಲೆಕ್ಕ. ಒಂದು ಪೆಟ್ಟಿಗೆಯ ಮೇಲೆ 1.6 ಕಿ.ಮೀ. ಎಂದಿದ್ದರೆ ಪಕ್ಕದ್ದರ ಮೇಲೆ 2 ಕಿ.ಮೀ. ಒಂದರಲ್ಲಿ 15 ಸವಾರರು ಒಟ್ಟಿಗೆ ಮಾತಾಡಬಹುದು, ಇನ್ನೊಂದರಲ್ಲಿ 24. ಸ್ಪೀಕರ್ ಮೇಲೆ ಜೆಬಿಎಲ್ ಅಥವಾ ಹರ್ಮನ್ ಕಾರ್ಡನ್ ಹೆಸರು. ಕೊಳ್ಳುವವರು ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೂಗುತ್ತಾರೆ, ವಿಡಿಯೊ ಮಾಡುವವರೂ ಅದನ್ನೇ ತೂಗುತ್ತಾರೆ. ಆದರೆ ಗಂಡ-ಹೆಂಡತಿಯೋ ಅಪ್ಪ-ಮಗಳೋ ಒಂದೇ ಬೈಕಿನಲ್ಲಿ ಬೆಂಗಳೂರಿನಿಂದ ಸಕಲೇಶಪುರಕ್ಕೆ ಹೊರಟಾಗ ಒಬ್ಬರ ಬಾಯಿಗೂ ಇನ್ನೊಬ್ಬರ ಕಿವಿಗೂ ಇರುವ ಅಂತರ ಒಂದೂವರೆ ಅಡಿ. ಮಾತು ಆ ಒಂದೂವರೆ ಅಡಿಯನ್ನು ನೆಟ್ಟಗೆ ದಾಟುತ್ತದೆಯೇ ಎಂಬುದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆಯುವುದಿಲ್ಲ. ಇಂಟರ್‌ಕಾಮನ್ನು ಹಿಂದೆ ಕೂತವರ ಕಡೆಯಿಂದ ಅಳೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿ ಗೆದ್ದ ಸಾಧನದ ಉಳಿದ ಕೊರತೆಗಳನ್ನು ಮನ್ನಿಸಬಹುದು. ಅಲ್ಲಿ ಸೋತದ್ದಕ್ಕೆ ಎಷ್ಟು ಕಿಲೋಮೀಟರ್ ಇದ್ದೂ ಉಪಯೋಗವಿಲ್ಲ.

ಇಂಟರ್‌ಕಾಮ್ ಇಲ್ಲದ ಪಯಣ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಹಿಂದೆ ಕೂತವರು ಏನೋ ಹೇಳುತ್ತಾರೆ, ಮುಂದಿನವರು "ಏನು?" ಎಂದು ತಲೆಯನ್ನು ಅರ್ಧ ಹಿಂದಕ್ಕೆ ತಿರುಗಿಸುತ್ತಾರೆ. ಕೇಳಿಸಲಿಲ್ಲವೆಂದು ಒಂದು ಕೈ ಬಿಟ್ಟು ವೈಸರ್ ಎತ್ತುತ್ತಾರೆ. ಹಿಂದಿನವರು ಮುಂದಕ್ಕೆ ಬಾಗಿದಾಗ ಎರಡು ಹೆಲ್ಮೆಟ್‌ಗಳು ಟಕ್ಕೆಂದು ತಾಗುತ್ತವೆ. ಕೊನೆಗೆ ಭುಜ ತಟ್ಟುವ ಸನ್ನೆಗಳೇ ಗತಿ. ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ನಡೆಯುವ ಈ ತಲೆ ತಿರುಗಿಸಾಟ ನನಗೆ ಯಾವತ್ತೂ ಭಯ ಹುಟ್ಟಿಸಿದೆ. ಇಂಟರ್‌ಕಾಮ್‌ನ ಮೊದಲ ಉಪಕಾರ ಇದು: ಸವಾರನ ಮುಖ ರಸ್ತೆಯ ಕಡೆಗೇ ಉಳಿಯುತ್ತದೆ.

ಹಾಗಾದರೆ ಮಾತಾಡುತ್ತಾ ಓಡಿಸುವುದು ಸರಿಯೇ? ಫೋನ್ ಮಾತು ಬೇರೆ, ಹಿಂದೆ ಕೂತವರ ಮಾತು ಬೇರೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಫ್ರಾಂಕ್ ಡ್ರೂಸ್, ಮೊನಿಷಾ ಪಸುಪತಿ ಮತ್ತು ಡೇವಿಡ್ ಸ್ಟ್ರೇಯರ್ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದೆ. ಕಾರಿನ ಸಿಮ್ಯುಲೇಟರ್‌ನಲ್ಲಿ ಕೂತವರಿಗೆ ದಾರಿಯಲ್ಲಿ ಸಿಗುವ ತಂಗುದಾಣಕ್ಕೆ ತಿರುಗಿ ನಿಲ್ಲಿಸಬೇಕೆಂದು ಹೇಳಲಾಗಿತ್ತು. ಹ್ಯಾಂಡ್ಸ್‌ಫ್ರೀ ಫೋನಿನಲ್ಲಿ ಮಾತಾಡುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆ ತಿರುವನ್ನು ತಪ್ಪಿಸಿಕೊಂಡರು. ಪಕ್ಕದಲ್ಲಿ ಕೂತ ಗೆಳೆಯರೊಂದಿಗೆ ಮಾತಾಡುತ್ತಿದ್ದವರಲ್ಲಿ ಬಹುತೇಕರು ತಪ್ಪಿಸಿಕೊಳ್ಳಲಿಲ್ಲ. ಕಾರಣ ಸರಳ: ಜೊತೆಗಿರುವವರಿಗೆ ರಸ್ತೆ ಕಾಣುತ್ತಿರುತ್ತದೆ. ದಟ್ಟಣೆ ಬಂದಾಗ ಅವರೇ ಮಾತು ನಿಲ್ಲಿಸುತ್ತಾರೆ, ತಿರುವನ್ನು ನೆನಪಿಸುತ್ತಾರೆ. ಫೋನಿನ ಆಚೆ ಇರುವವರಿಗೆ ಎದುರಿಗೆ ಲಾರಿ ಬಂದದ್ದು ತಿಳಿಯುವುದಿಲ್ಲ. ಬೈಕಿನಲ್ಲಿ ಹಿಂದೆ ಕೂತವರಿಗೆ ಮುಂದಿನ ರಸ್ತೆ ಅರ್ಧ ಮರೆಯಾಗಿರುತ್ತದೆ, ನಿಜ. ಆದರೆ ಬ್ರೇಕ್ ಬಿದ್ದದ್ದು, ಬೈಕ್ ವಾಲಿದ್ದು, ಹಿಂದಿನಿಂದ ಬಸ್ಸು ಹಾರ್ನ್ ಹೊಡೆದದ್ದು ಸವಾರನಷ್ಟೇ ಅವರಿಗೂ ಮೈಗೆ ತಾಗುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಕೈಯಲ್ಲಿ ಹಿಡಿದ ಫೋನನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಆದರೆ ಗಮನ ಕೆಡುವುದಕ್ಕೆ ಫೋನು ಕೈಯಲ್ಲೇ ಇರಬೇಕೆಂದಿಲ್ಲ.

ಇಲ್ಲಿಯೇ ಈ ಸಾಧನಗಳ ಮೇಲೆ ನನ್ನ ದೊಡ್ಡ ಆಕ್ಷೇಪ ಇರುವುದು. ಇವುಗಳಲ್ಲಿ ಹೆಚ್ಚಿನವು ಫೋನ್ ಕರೆಗೆ ಮೊದಲ ಸ್ಥಾನ ಕೊಡುತ್ತವೆ. ಕರೆ ಬಂದ ಕೂಡಲೇ ಇಂಟರ್‌ಕಾಮ್ ಮಾತು ತುಂಡಾಗುತ್ತದೆ. ಹಿಂದಿನವರು "ನಿಲ್ಲಿಸಿ, ಬ್ಯಾಗ್ ಜಾರುತ್ತಿದೆ" ಎನ್ನುವ ಹೊತ್ತಿಗೆ ಬ್ಯಾಂಕಿನವರು ಸಾಲ ಬೇಕೇ ಎಂದು ಕೇಳಲು ಫೋನು ಮಾಡಿದರೆ ಗೆಲ್ಲುವುದು ಬ್ಯಾಂಕಿನವರು. ಕೆಲವು ಮಾದರಿಗಳಲ್ಲಿ ದನಿಯಿಂದಲೇ ಕರೆ ಸ್ವೀಕರಿಸುವ ಸೌಲಭ್ಯ ಚಾಲೂ ಇರುತ್ತದೆ. ಫೋನು ರಿಂಗಾಗುವಾಗ ನೀವು ಜೋರಾಗಿ ಏನಂದರೂ, "ಅಯ್ಯೋ ಗುಂಡಿ" ಅಂದರೂ, ಕರೆ ಎತ್ತಿಕೊಳ್ಳುತ್ತದೆ. ಕೊಂಡ ದಿನವೇ ಮೊಬೈಲ್ ಆ್ಯಪ್ ತೆರೆದು ಈ ಸೌಲಭ್ಯವನ್ನು ಆಫ್ ಮಾಡಬೇಕು. ಫೋನನ್ನು ಡು ನಾಟ್ ಡಿಸ್ಟರ್ಬ್‌ಗೆ ಹಾಕಿ ದಾರಿ ಹೇಳುವ ದನಿಯನ್ನು ಮಾತ್ರ ಬಿಟ್ಟುಕೊಂಡರೆ ಪಯಣ ಎಷ್ಟೋ ಹಗುರ. ಗೂಗಲ್ ಮ್ಯಾಪ್ಸ್ ಕನ್ನಡದಲ್ಲೂ ದಾರಿ ಹೇಳುತ್ತದೆ. ಅದನ್ನು ಹಿಂದಿನವರ ಫೋನಿಗೇ ವಹಿಸಿ, ಅವರು ಬೇಕಾದಾಗ ಬೇಕಾದಷ್ಟು ಹೇಳುವಂತೆ ಮಾಡುವುದು ಇನ್ನೂ ಒಳ್ಳೆಯದು.

ಇನ್ನು ಸದ್ದಿನ ವಿಷಯ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ ಒಳಗಿನ ಗಾಳಿಯ ಅಬ್ಬರ 90 ಡೆಸಿಬೆಲ್ ದಾಟುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಹಾಕಿಕೊಟ್ಟ ಮಿತಿ 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ. ಅಲ್ಲಿಂದ ಪ್ರತಿ ಮೂರು ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತಾ ಹೋಗಿ 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದು ನಿಮಿಷ. ಅಷ್ಟು ಗದ್ದಲದ ಮೇಲೆ ಮಾತು ಕೇಳಿಸಬೇಕೆಂದು ಸ್ಪೀಕರಿನ ದನಿ ಏರಿಸಿದರೆ ಕಿವಿಗೆ ಎರಡು ಪಾಲು ಪೆಟ್ಟು. ಸ್ಪೀಕರ್ ಎಷ್ಟು ಜೋರಾಗಿ ಕೂಗಬಲ್ಲದು ಎಂದು ಹೊಗಳುವ ವಿಮರ್ಶೆಗಳನ್ನು ನಾನು ನಂಬುವುದಿಲ್ಲ. ಗಾಳಿಯನ್ನು ಕಡಿಮೆ ಮಾಡುವುದೇ ದಾರಿ: ಕುತ್ತಿಗೆಯ ಬಳಿ ಬಿಗಿಯಾಗಿ ಕೂರುವ ಹೆಲ್ಮೆಟ್, ಮುಚ್ಚಿದ ವೈಸರ್, ಕಿವಿಗೆ ಮೆತ್ತನೆಯ ಇಯರ್‌ಪ್ಲಗ್. ಪ್ಲಗ್ ಹಾಕಿಕೊಂಡರೆ ಇಂಟರ್‌ಕಾಮ್ ಕೇಳಿಸುವುದಿಲ್ಲವಲ್ಲ ಎಂದು ಜನ ಹೆದರುತ್ತಾರೆ. ಆಗುವುದು ಬೇರೆಯೇ. ಗಾಳಿಯ ಭೋರ್ಗರೆತ ತಗ್ಗಿ, ಅದರ ಅಡಿಯಲ್ಲಿ ಹೂತುಹೋಗಿದ್ದ ಮಾತು ಮೇಲೆ ಬರುತ್ತದೆ.

ಮೈಕಿನ ಕಥೆ ಇನ್ನೂ ಸೂಕ್ಷ್ಮ. ಗಾಳಿಯ ಸದ್ದು ಎದುರಿನವರಿಗೆ ಹೋಗದಂತೆ ಇದರಲ್ಲಿ ಒಂದು ಕಾವಲು ಇರುತ್ತದೆ. ದನಿ ಬಂದಾಗ ಬಾಗಿಲು ತೆರೆಯುತ್ತದೆ, ನಿಂತಾಗ ಮುಚ್ಚುತ್ತದೆ. ಅಗ್ಗದ ಸಾಧನಗಳಲ್ಲಿ ಈ ಬಾಗಿಲು ತೆರೆಯುವುದು ಒಂದು ಕ್ಷಣ ತಡ. ಅಷ್ಟರಲ್ಲಿ ಮೊದಲ ಅಕ್ಷರ ಹೋಗಿಬಿಟ್ಟಿರುತ್ತದೆ. ಅಂಥದ್ದೊಂದು ಜೋಡಿಯನ್ನು ಹಾಕಿಕೊಂಡು ಚಾರ್ಮಾಡಿ ಘಾಟಿ ಇಳಿಯುವಾಗ ಗಮನಿಸಿದ್ದು: ನನ್ನ ಹೆಂಡತಿ "ರೀ, ಬಸ್ ಬರ್ತಿದೆ" ಎಂದರೆ "ರೀ" ಮಾತ್ರ ನುಂಗಿಹೋಗಿ ಉಳಿದದ್ದು ಪೂರ್ತಿ ಕೇಳಿಸುತ್ತಿತ್ತು. ಅವಸರದಲ್ಲಿ ಬರೀ "ಬೇಡ" ಎಂದರೆ ಏನೂ ಬರುತ್ತಿರಲಿಲ್ಲ, ಒಂದು ಚಿಟಿಕೆ ಸದ್ದು ಅಷ್ಟೆ. ಓವರ್‌ಟೇಕ್ ಮಾಡಲು ಹೊರಟ ಹೊತ್ತಿಗೆ ಬೇಕಾದದ್ದು ಆ ಒಂದೇ ಮಾತು. ಹೀಗಾಗಿ ಯಾವುದೇ ಇಂಟರ್‌ಕಾಮನ್ನು ಪರೀಕ್ಷಿಸುವಾಗ ಉದ್ದ ವಾಕ್ಯಗಳನ್ನು ಬಿಟ್ಟು "ನಿಲ್ಲು", "ಬೇಡ", "ಎಡಕ್ಕೆ", "ಹಂಪ್" ಎಂಬ ತುಂಡು ಮಾತುಗಳನ್ನೇ ಹೇಳಿಸಿ ನೋಡಬೇಕೆಂದು ಎಲ್ಲರಿಗೂ ಹೇಳುತ್ತೇನೆ. ಮುಖವನ್ನು ಪೂರ್ತಿ ಮುಚ್ಚುವ ಫುಲ್‌ಫೇಸ್ ಹೆಲ್ಮೆಟ್‌ಗೆ ಗದ್ದದ ಒಳಬದಿಯಲ್ಲಿ ಅಂಟಿಸುವ ತಂತಿ ಮೈಕ್, ಮುಂಭಾಗ ತೆರೆದ ಅಥವಾ ಎತ್ತುವ ಹೆಲ್ಮೆಟ್‌ಗೆ ಕಡ್ಡಿಯ ತುದಿಯಲ್ಲಿರುವ ಬೂಮ್ ಮೈಕ್. ಯಾವುದೇ ಆಗಲಿ, ಮೈಕಿನ ಮೇಲಿನ ಗುರುತು ತುಟಿಯ ಕಡೆಗಿರಬೇಕು, ಅದರ ಸ್ಪಂಜಿನ ಟೋಪಿ ಕಳಚಿರಬಾರದು. ಮಾತು ಸ್ಪಷ್ಟವಿಲ್ಲವೆಂಬ ದೂರುಗಳಲ್ಲಿ ಎಷ್ಟೋ ಇಷ್ಟಕ್ಕೇ ಮುಗಿದುಹೋಗುತ್ತವೆ.

ಸ್ಪೀಕರ್‌ಗಳಿಗೂ ಇದೇ ಮಾತು. ನಲವತ್ತು ಮಿಲಿಮೀಟರ್‌ನ ಬಿಲ್ಲೆ ಕಿವಿಯ ತೂತಿಗೆ ನೇರ ಇದ್ದರೆ ಚೆಂದ, ಬೆರಳಗಲ ಸರಿದರೂ ದನಿ ಸೊರಗುತ್ತದೆ. ಅಂಟಿಸುವ ಮುನ್ನ ಹೆಲ್ಮೆಟ್ ತೊಟ್ಟು, ಬೆರಳು ತೂರಿಸಿ, ಕಿವಿ ಎಲ್ಲಿ ಬರುತ್ತದೆಂದು ನೋಡಿಕೊಳ್ಳಬೇಕು. ಹಿಂದೆ ಕೂರುವವರು ಹೆಂಗಸರಾದರೆ ಇನ್ನೊಂದು ತೊಡಕು: ಓಲೆ. ಸ್ಪೀಕರಿನ ಅಂಚು ಓಲೆಯನ್ನು ಒತ್ತಿ, ಹಿಂದಿನ ತಿರುಪು ಕಿವಿಯ ಬುಡಕ್ಕೆ ಚುಚ್ಚುತ್ತಾ ಹೋದರೆ ಒಂದು ಗಂಟೆಯೊಳಗೆ ಹೆಲ್ಮೆಟ್ ತೆಗೆದೆಸೆಯುವಷ್ಟು ನೋವು. ಜುಮುಕಿಯಂತೂ ಕೂಡದು. ಈ ವಿಷಯವನ್ನು ಯಾವ ಕೈಪಿಡಿಯಲ್ಲೂ ನಾನು ಓದಿಲ್ಲ. ಕೈಪಿಡಿ ಬರೆಯುವವರು ಹಿಂದೆ ಕೂತು ನೋಡಿಲ್ಲ ಎಂದೇ ನನ್ನ ಭಾವನೆ. ಕಿವಿಯ ಜಾಗದಲ್ಲಿ ಸ್ಪೀಕರಿಗೆಂದೇ ಗುಳಿ ಇರುವ ಹೆಲ್ಮೆಟ್ ಆದರೆ ತೊಂದರೆ ಕಡಿಮೆ. ಗುಳಿ ಇಲ್ಲದ ಹೆಲ್ಮೆಟ್‌ನ ಒಳಗಿನ ಥರ್ಮಾಕೋಲನ್ನು ಬ್ಲೇಡಿನಿಂದ ಕೆತ್ತಿ ಜಾಗ ಮಾಡಿಕೊಡುವ ಅಂಗಡಿಗಳಿವೆ. ದಯವಿಟ್ಟು ಒಪ್ಪಬೇಡಿ. ಬಿದ್ದಾಗ ಪೆಟ್ಟನ್ನು ನುಂಗಿಕೊಳ್ಳುವುದು ಆ ಥರ್ಮಾಕೋಲೇ.

ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಅಂದಿನಿಂದಲೂ ನಾವು ಕಾಣುತ್ತಿರುವ ನೋಟ ಒಂದೇ: ಮುಂದಿನವರ ತಲೆಯ ಮೇಲೆ ಎಂಟು ಹತ್ತು ಸಾವಿರದ ಹೆಲ್ಮೆಟ್, ಹಿಂದಿನವರ ತಲೆಯ ಮೇಲೆ ಪೊಲೀಸರಿಗೆ ತೋರಿಸಲು ಫುಟ್‌ಪಾತ್‌ನಲ್ಲಿ ಕೊಂಡ ಬುರುಡೆ. ಆ ಬುರುಡೆಗೆ ಯಾವ ಇಂಟರ್‌ಕಾಮೂ ಕೂರುವುದಿಲ್ಲ, ಕೂತರೂ ಗಾಳಿಯ ಸದ್ದು ಮಾತ್ರ ಕೇಳಿಸುತ್ತದೆ. ಕೈಯಲ್ಲಿರುವ ಹಣ ಒಂದಕ್ಕೇ ಸಾಲುವಂತಿದ್ದರೆ ಅದು ಹಿಂದಿನವರ ಹೆಲ್ಮೆಟ್‌ಗೆ ಹೋಗಬೇಕು. ಇಂಟರ್‌ಕಾಮ್ ಮುಂದಿನ ವರ್ಷಕ್ಕಿರಲಿ.

ಮೆಶ್ ಬೇಕೇ, ಬ್ಲೂಟೂತ್ ಸಾಕೇ ಎಂಬ ಚರ್ಚೆಯನ್ನು ಇಬ್ಬರೇ ಹೋಗುವವರು ತಲೆಗೆ ಹಚ್ಚಿಕೊಳ್ಳಬೇಕಿಲ್ಲ, ಬ್ಲೂಟೂತ್ ಧಾರಾಳ ಸಾಕು. ಗುಂಪಾಗಿ ಹೋಗುವವರಿಗೆ ಮಾತ್ರ ಇದು ಮುಖ್ಯ. ಬ್ಲೂಟೂತ್‌ನಲ್ಲಿ ಸವಾರರು ಸರಪಳಿಯಂತೆ ಒಬ್ಬರಿಗೊಬ್ಬರು ಕೊಂಡಿ ಹಾಕಿಕೊಳ್ಳುತ್ತಾರೆ, ನಡುವಿನವರು ಹಿಂದುಳಿದರೆ ಸರಪಳಿ ತುಂಡು. 2015ರಲ್ಲಿ ಕಾರ್ಡೊ ಕಂಪನಿ ತನ್ನ ಪ್ಯಾಕ್‌ಟಾಕ್‌ನಲ್ಲಿ, 2017ರಲ್ಲಿ ಸೆನಾ ಕಂಪನಿ ತನ್ನ 30ಕೆ ಮಾದರಿಯಲ್ಲಿ ತಂದ ಮೆಶ್‌ನಲ್ಲಿ ಒಬ್ಬರು ದೂರವಾದರೂ ಉಳಿದವರ ಜಾಲ ತಾನೇ ಹೊಂದಿಕೊಳ್ಳುತ್ತದೆ, ಹಿಂದುಳಿದವರು ಹತ್ತಿರ ಬಂದಾಗ ತಾನಾಗಿ ಸೇರಿಸಿಕೊಳ್ಳುತ್ತದೆ. ಆದರೆ ಪೆಟ್ಟಿಗೆಯ ಮೇಲಿನ 1.6 ಕಿ.ಮೀ. ಎಂಬುದು ಕಣ್ಣಳತೆಯ ನೇರ ಬಯಲಿನ ಲೆಕ್ಕ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ನಡುವೆ ಗುಡ್ಡವೇ ಅಡ್ಡ ಬಂದಾಗ ಆ ಅಂಕಿಯನ್ನು ನೆಚ್ಚಬಾರದು. ಒಂದು ಕಂಪನಿಯ ಮೆಶ್ ಇನ್ನೊಂದರ ಮೆಶ್ ಜೊತೆ ಮಾತಾಡುವುದೂ ಇಲ್ಲ. ಗೆಳೆಯರ ಗುಂಪಿನಲ್ಲಿ ಯಾವ ಕಂಪನಿಯದು ಹೆಚ್ಚಿದೆಯೋ ಅದನ್ನೇ ಕೊಳ್ಳುವುದು ಜಾಣತನ. ಗುಂಪಿನಲ್ಲಿ ಹಿಂದೆ ಕೂತವರ ಪಾಡೂ ಯೋಚಿಸಬೇಕಾದದ್ದು: ಎಂಟು ಜನರ ಹರಟೆ ದಿನವಿಡೀ ಕಿವಿಗೆ ಬೀಳುತ್ತಿದ್ದರೆ ಯಾರಿಗಾದರೂ ಸಾಕಾಗುತ್ತದೆ. ಒಬ್ಬರೊಂದಿಗೆ ಮಾತ್ರ ಗುಟ್ಟಾಗಿ ಮಾತಾಡುವ ಅನುಕೂಲ ಕಾರ್ಡೊದ ಮೆಶ್‌ನಲ್ಲಿದೆ. ಅದನ್ನು ನಾನು ಸ್ಪೀಕರಿನ ಬ್ರ್ಯಾಂಡಿಗಿಂತ ದೊಡ್ಡ ಗುಣವೆಂದು ಎಣಿಸುತ್ತೇನೆ.

ಹಾಗಾದರೆ ಯಾವುದು? 2022ರಲ್ಲಿ ಬಂದ ಪ್ಯಾಕ್‌ಟಾಕ್ ಎಡ್ಜ್ ಅಯಸ್ಕಾಂತದಿಂದ ಹೆಲ್ಮೆಟ್‌ಗೆ ಕಚ್ಚಿಕೊಳ್ಳುತ್ತದೆ, ನೀರು ಧೂಳಿಗೆ ಜಗ್ಗದ ಐಪಿ67 ದರ್ಜೆಯದು. ಮಲೆನಾಡಿನ ಜುಲೈ ಮಳೆಗೆ ಈ ದರ್ಜೆ ಅತ್ಯಗತ್ಯ. ಸೆನಾದ 50ಎಸ್‌ನ ತಿರುಗಿಸುವ ಗುಂಡಿ ದಪ್ಪ ಗ್ಲೌಸ್ ಹಾಕಿದ ಕೈಗೆ ಬಲು ಸಲೀಸು. ಎರಡೂ ಒಳ್ಳೆಯವು, ಎರಡೂ ದುಬಾರಿ, ಜೋಡಿ ಕೊಂಡರೆ ಹಳೆಯ ಬೈಕೊಂದರ ಬೆಲೆ. ಬೆಂಗಳೂರಿನ ಬ್ಲೂಆರ್ಮರ್ ಕಂಪನಿಯ ಸಿ30 ಮೆಶ್ ಇದ್ದೂ ಅವುಗಳಿಗಿಂತ ಅಗ್ಗ. ಕೆಟ್ಟರೆ ರಿಪೇರಿಗೆ ಇದೇ ಊರಿನಲ್ಲಿ ಜನ ಸಿಗುತ್ತಾರೆ ಎಂಬುದು ವಿದೇಶಿ ಸಾಧನಗಳಿಗಿಲ್ಲದ ಬಲ. ಇಬ್ಬರೇ ಹೋಗುವ ಜೋಡಿಗೆ ನನ್ನ ಮೊದಲ ಆಯ್ಕೆ ಕಾರ್ಡೊದ ಫ್ರೀಕಾಮ್ 2ಎಕ್ಸ್‌ನಂಥ ಇಬ್ಬರಿಗೆಂದೇ ಮಾಡಿದ ಬ್ಲೂಟೂತ್ ಸಾಧನ: ಮೆಶ್ ಇಲ್ಲ, ಹದಿನೈದು ಜನರ ಗುಂಪಿಲ್ಲ, ಆದರೆ ಅದೇ ಐಪಿ67 ದರ್ಜೆ. ಎರಡು ಮೂರು ಸಾವಿರಕ್ಕೆ ಸಿಗುವ ಹೆಸರಿಲ್ಲದವು ಊರೊಳಗಿನ ಓಡಾಟಕ್ಕೆ ಸರಿ, ಹೆದ್ದಾರಿಗೆ ಹತ್ತಿದ ಮೇಲೆ ಅವುಗಳ ಮೈಕು ಕೈಕೊಡುತ್ತದೆ. ಹೆಲ್ಮೆಟ್ ಒಳಗೇ ಕೂಡಿಸಿ ಮಾರುವ ಇಂಟರ್‌ಕಾಮ್‌ಗಳು ನೋಡಲು ಅಂದ. ಆದರೆ ಬ್ಯಾಟರಿ ಸೊರಗುವ ಕಾಲ ಬೇರೆ, ಹೆಲ್ಮೆಟ್ ಬದಲಿಸಬೇಕಾದ ಕಾಲ ಬೇರೆ, ಆದ್ದರಿಂದ ಬಿಡಿಯಾಗಿ ತೆಗೆಯಬಹುದಾದದ್ದೇ ಮೇಲು.

ಒಂದನ್ನು ಈಗ, ಇನ್ನೊಂದನ್ನು ಆಮೇಲೆ ಎಂದು ಕೊಳ್ಳುವ ಪದ್ಧತಿ ನಮ್ಮಲ್ಲಿ ಜಾಸ್ತಿ. ಮೊದಲನೆಯದು ಯಾವಾಗಲೂ ಸವಾರನದು. ಆರು ತಿಂಗಳ ನಂತರ ರಿಯಾಯಿತಿಯಲ್ಲಿ ಸಿಕ್ಕ ಬೇರೆ ಕಂಪನಿಯದು ಹಿಂದಿನವರಿಗೆ ಬರುತ್ತದೆ. ಎರಡು ಕಂಪನಿಗಳ ಸಾಧನಗಳನ್ನು ಯೂನಿವರ್ಸಲ್ ಮೋಡ್‌ನಲ್ಲಿ ಜೋಡಿಸಬಹುದೇನೋ ಹೌದು. ಆದರೆ ಅಲ್ಲಿ ಒಂದು ಸಾಧನ ಇನ್ನೊಂದನ್ನು ಫೋನೆಂದು ತಿಳಿದು ಸೇರಿಸಿಕೊಳ್ಳುತ್ತದೆ, ಹೀಗಾಗಿ ಫೋನಿನ ಜಾಗ ಹೋಗುತ್ತದೆ, ಮ್ಯಾಪಿನ ದನಿಯೂ ಹೋಗಬಹುದು. ಜೋಡಿಯಾಗಿಯೇ ಕೊಳ್ಳಿ, ಡಬ್ಬಲ್ ಪ್ಯಾಕ್‌ನಲ್ಲಿ ಬೆಲೆಯೂ ಕಡಿಮೆ. ಅಂಗಡಿಯ ಎಸಿ ಕೋಣೆಯಲ್ಲಿ ಹಾಡು ಹಾಕಿ ಕೇಳಿಸುವುದು ಪರೀಕ್ಷೆಯಲ್ಲ. ವಾಪಸ್ ಕೊಡುವ ಅವಕಾಶ ಇರುವಲ್ಲಿ ಕೊಂಡು, ಇಬ್ಬರೂ ತೊಟ್ಟು, ತುಮಕೂರು ರಸ್ತೆಯಂಥ ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಅರ್ಧ ಗಂಟೆ ಹೋಗಿ ಬನ್ನಿ. ಬಂದ ಮೇಲೆ ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕನ್ನು ಹಿಂದೆ ಕೂತಿದ್ದವರಿಗೆ ಕೊಡಿ.