ಬಿರುಗಾಳಿ ಹೋದ ಮೇಲಿನ ಲೆಕ್ಕ

ಅರಬ್ಬೀ ಸಮುದ್ರದ ಚಂಡಮಾರುತವು ಕರಾವಳಿಯವರ ಕಷ್ಟವೇ ಹೊರತು ಘಟ್ಟದ ಮೇಲಿರುವ ನಮ್ಮದಲ್ಲವೆಂದು ಬೆಳಗಾವಿಯವರು ಬಹುಕಾಲ ನಂಬಿದ್ದೆವು. 2019ರ ಅಕ್ಟೋಬರದಲ್ಲಿ ಎದ್ದ ಕ್ಯಾರ್ ಚಂಡಮಾರುತವು ನಮ್ಮ ನೆಲವನ್ನು ಮುಟ್ಟದೆಯೇ ಸಮುದ್ರದಲ್ಲಿ ಕರಗಿತು. 2021ರ ಮೇ ತಿಂಗಳ ತೌಕ್ತೆಯು ದಡ ಸೇರಿದ್ದು ದೂರದ ಗುಜರಾತದಲ್ಲಿ. ಆದರೂ ಅವುಗಳ ಹೊರಸುತ್ತಿನ ಮೋಡಗಳು ಸಹ್ಯಾದ್ರಿಗೆ ತಾಗಿ ನಮ್ಮ ಜಿಲ್ಲೆಯ ಖಾನಾಪುರದ ಗದ್ದೆಗಳ ಮೇಲೆ ಸುರಿದುದನ್ನು ಕಂಡ ಬಳಿಕ, ಇಂತಹ ಹಾನಿಯನ್ನು ನಾವು ಅಳೆಯುವ ಕ್ರಮವು ಎಷ್ಟರಮಟ್ಟಿಗೆ ಸಮರ್ಪಕವೆಂಬ ಪ್ರಶ್ನೆಯನ್ನು ಮುಂದೂಡಲಾಗದು.

ಆ ಕ್ರಮವೆಂದರೆ ಜಂಟಿ ಸಮೀಕ್ಷೆ. ತಲಾಠಿಯೂ ಕೃಷಿ ಹಾಗೂ ತೋಟಗಾರಿಕೆ ಇಲಾಖೆಗಳವರೂ ಹೊಲಕ್ಕೆ ಬಂದು, ಉತಾರದೊಡನೆ, ಅಂದರೆ ಪಹಣಿಯೊಡನೆ, ಬೆಳೆಯನ್ನು ತಾಳೆ ನೋಡಿ, ಫೋಟೋ ತೆಗೆದು ವಿವರವನ್ನು 'ಪರಿಹಾರ' ತಂತ್ರಾಂಶಕ್ಕೆ ಏರಿಸುತ್ತಾರೆ. ಹಣವು ನೇರವಾಗಿ ರೈತನ ಖಾತೆಗೆ ಬರುತ್ತದೆ. ಕಚೇರಿಯಿಂದ ಕಚೇರಿಗೆ ಅಲೆದು ಸೋತವರನ್ನು ಬಲ್ಲವರಿಗೆ ಇದು ಅಲ್ಪ ಸಾಧನೆಯಲ್ಲ; ಕೆಸರು ತುಳಿದು ಈ ಕೆಲಸ ಮಾಡುವ ಸಿಬ್ಬಂದಿಯ ಶ್ರಮವನ್ನು ನಾನು ಮನಃಪೂರ್ವಕವಾಗಿ ಗೌರವಿಸುತ್ತೇನೆ. ದೋಷವಿರುವುದು ಅವರಲ್ಲಲ್ಲ, ಅವರ ಕೈಗಿತ್ತ ಅಳತೆಗೋಲಿನಲ್ಲಿ.

ನೆಲಕ್ಕೆ ಮಲಗಿದ ಭತ್ತದ ತೆನೆಯೊಂದನ್ನು ಕೈಯಲ್ಲಿ ಹಿಡಿದು ನೋಡಬೇಕು. ಗಾಳಿ ನಿಂತ ಮರುದಿನ ಅದು ಒದ್ದೆಯಾದ, ಆದರೆ ಇನ್ನೂ ಹೊಂಬಣ್ಣದ ತೆನೆ; ನೀರು ಇಂಗದೆ ನಾಲ್ಕಾರು ದಿನ ಕಳೆದರೆ ಕಾಳುಗಳ ತುದಿಯಲ್ಲಿ ಬಿಳಿಯ ಮೊಳಕೆ ಇಣುಕುತ್ತದೆ, ಹುಲ್ಲು ಕಪ್ಪಾಗಿ ದನವೂ ಮೂಸದಂತಾಗುತ್ತದೆ. ಬೆಳಗಾವಿಯ ಬಳ್ಳಾರಿ ನಾಲೆ ಉಕ್ಕಿದಾಗ ಶಹಾಪುರ, ವಡಗಾವಿ, ಯಳ್ಳೂರುಗಳ ಬಾಸುಮತಿಯ ಗದ್ದೆಗಳವರು ಈ ಸಂಕಟವನ್ನು ಚೆನ್ನಾಗಿ ಬಲ್ಲರು. ಹಾನಿಯು ಹೀಗೆ ದಿನದಿನಕ್ಕೆ ಬೆಳೆಯುವಂತಹುದಾಗಿರಲು, ಒಂದೇ ದಿನದ ಭೇಟಿಯ ಆಧಾರದಿಂದ ಅದು ಪರಿಹಾರದ ಅರ್ಹತೆಗೆ ಗೆರೆಯಾದ 33 ಪ್ರತಿಶತಕ್ಕೆ ಮೇಲೋ ಕೆಳಗೋ ಎಂದು ನಿಶ್ಚಯಿಸುವುದು ನ್ಯಾಯವೆನಿಸದು. ಮೇಲೆಂದು ನಿಶ್ಚಯವಾದರೂ, 2022ರಲ್ಲಿ ಪರಿಷ್ಕೃತವಾದ ಕೇಂದ್ರದ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ಉತಾರದಲ್ಲಿ ಹೆಸರಿಲ್ಲದೆ ಪರರ ಗದ್ದೆಯನ್ನು ಪಾಲಿಗೆ ಮಾಡುವವನಿಗೆ ಅದೂ ದಕ್ಕುವುದು ದುರ್ಲಭ.

ಗದ್ದೆಗಾದರೂ ಉತಾರವುಂಟು, ಕಾಡಿಗೆ ಅದೂ ಇಲ್ಲ. ಮಹದಾಯಿಯ ಉಗಮವನ್ನು ಒಡಲಲ್ಲಿಟ್ಟುಕೊಂಡು, 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ಭೀಮಗಡದ ಸೀಮೆಯಲ್ಲಿ, ರಸ್ತೆಗೋ ವಿದ್ಯುತ್ ತಂತಿಗೋ ಅಡ್ಡಬಿದ್ದ ಮರವು ಬೇಗ ಲೆಕ್ಕಕ್ಕೆ ಬರುತ್ತದೆ. ಒಳಗೆ ತಲೆ ಮುರಿದು ನಿಂತ ಮರವು, ಅದು ಬಿಟ್ಟ ಬಯಲಿನ ಬಿಸಿಲಿಗೆ ನುಗ್ಗುವ ಕಳೆಯು, ಮುಂದಿನ ವರ್ಷ ಫಲ ಬಿಡದ ಕೊಂಬೆಯು ಆ ಲೆಕ್ಕದ ಹೊರಗೇ ಉಳಿಯುತ್ತವೆ. ಪೋರ್ಟೊ ರಿಕೊ ದ್ವೀಪದ ಲುಕಿಯೊ ಅರಣ್ಯದಲ್ಲಿ 1989ರ ಹ್ಯೂಗೋ ಚಂಡಮಾರುತದ ಅನಂತರ ಗುರುತು ಹಾಕಿ ಅಳೆದ ಮರಗಳನ್ನು ವಿಜ್ಞಾನಿಗಳು ಮತ್ತೆ ಮತ್ತೆ ಅಳೆಯುತ್ತ ಬಂದುದರಿಂದಲೇ, 2017ರ ಮರಿಯಾ ಬಂದೆರಗಿದಾಗ ಗಟ್ಟಿ ಜಾತಿಯ ಮರಗಳು ಮುರಿದು ತಾಳೆಯ ಜಾತಿಯವು ತಡೆದು ನಿಂತುದನ್ನು ನಿಸ್ಸಂದೇಹವಾಗಿ ಹೇಳಲು ಅವರಿಗೆ ಸಾಧ್ಯವಾಯಿತು. ಮುಂಚಿನ ಅಳತೆಯಿಲ್ಲದ ನಮಗೆ ಬಿದ್ದುದು ಕಾಣುತ್ತದೆ, ಬದಲಾದುದು ಕಾಣುವುದಿಲ್ಲ.

ಇನ್ನು ಜನರು. 2024ರ ಮಳೆಗಾಲದಲ್ಲಿ ಭೀಮಗಡದ ಕಾಡಿನೊಳಗಿನ ಆಮಗಾವಿ ಹಳ್ಳಿಯಿಂದ ರೋಗಿಯೊಬ್ಬರನ್ನು ಕಟ್ಟಿಗೆಯ ಚಟ್ಟದ ಮೇಲೆ ಕಾಡಿನ ಕೆಸರುದಾರಿಯಲ್ಲಿ ಹೊತ್ತು ತಂದುದು ಪತ್ರಿಕೆಗಳಲ್ಲಿ ಬಂದಿತ್ತು. ದಾರಿ ಕಡಿದು, ದೀಪವಾರಿ, ಶಾಲೆ ನಿಂತ ದಿನಗಳಿಗೆ ಸಮೀಕ್ಷೆಯ ಪಂಚನಾಮೆಯಲ್ಲಿ ಯಾವ ಅಂಕಣವೂ ಇಲ್ಲ; ಗೋಡೆ ಬಿದ್ದರೆ ಮಾತ್ರ ಮನೆ ಹಾನಿಗೊಂಡಂತೆ.

ಈ ಸಮೀಕ್ಷೆಯು ಪರಿಹಾರ ಹಂಚಲು ತಕ್ಕಮಟ್ಟಿಗೆ ಸಾಕು, ಅರಿಯಲು ಸಾಲದು ಎಂಬುದೇ ನನ್ನ ಅಭಿಪ್ರಾಯ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅದರ ಶಿರಸಿಯ ಅರಣ್ಯ ಮಹಾವಿದ್ಯಾಲಯವೂ ನಮಗೆ ದೂರವಲ್ಲ. ಮಳೆ ಅಳೆಯುವ ಯಂತ್ರಗಳು ಗ್ರಾಮ ಪಂಚಾಯತಿಗಳಲ್ಲಿ ಈಗಾಗಲೇ ನಿಂತಿವೆ. ಖಾನಾಪುರ ತಾಲೂಕಿನ ಕಣಕುಂಬಿ, ಜಾಂಬೋಟಿ, ನಂದಗಡಗಳಲ್ಲಿ ಕೆಲವು ಗದ್ದೆಗಳನ್ನೂ ಕಾಡಿನ ಕೆಲವು ತುಂಡುಗಳನ್ನೂ ಗೊತ್ತುಮಾಡಿ, ಗಾಳಿ ಬಂದ ವರ್ಷವೂ ಬಾರದ ವರ್ಷವೂ ಅವನ್ನೇ ಅಳೆಯುವ ಕೆಲಸವನ್ನು ಈ ಸಂಸ್ಥೆಗಳು ಊರವರನ್ನು ಜೊತೆಗೂಡಿಸಿಕೊಂಡು ಕೈಗೊಳ್ಳಬೇಕೆಂದು ಬೇಡುತ್ತೇನೆ. ಮೊದಲ ಅಳತೆಯು ಮುಂದಿನ ಸುಗ್ಗಿಗೆ ಮುನ್ನವೇ ಆಗಲಿ.