ನಮ್ಮ ಸಾಹಿತ್ಯದಲ್ಲಿ ಕ್ಷೌರಿಕ

ಕನ್ನಡ ಸಾಹಿತ್ಯದಲ್ಲಿ ರೈತನಿಗೆ ದೊರೆತಿರುವ ಸ್ಥಾನ ದೊಡ್ಡದು. ಅಂಬಿಗ, ಕುಂಬಾರ, ಮಡಿವಾಳ ಮೊದಲಾದವರೂ ತಂತಮ್ಮ ಕಾಯಕದ ಬಲದಿಂದ ಅಲ್ಲಿ ನೆಲೆಯೂರಿದ್ದಾರೆ. ಆದರೆ ಒಡೆಯನಿಂದ ಆಳಿನವರೆಗೆ ಎಲ್ಲರೂ ಯಾವಾತನ ಮುಂದೆ ತಲೆ ತಗ್ಗಿಸಿ ಕುಳಿತುಕೊಳ್ಳುವರೋ, ಆ ಕ್ಷೌರಿಕನಿಗೆ ನಮ್ಮ ಸಾಹಿತ್ಯವು ಕೊಟ್ಟಿರುವುದೇನು? ಇದನ್ನು ಕೊಂಚ ವಿಚಾರಿಸಿ ನೋಡುವುದು ಈ ಲೇಖನದ ಉದ್ದೇಶ. ವಿಷಯವು ತೀರ ಅಲ್ಪವಾದುದೆಂದು ಕೆಲವರಿಗೆ ತೋರಬಹುದು. ನಮಗೂ ಹಾಗೆಯೇ ತೋರಿತ್ತು. ತರಗತಿಯಲ್ಲಿ ಒದಗಿದ ಒಂದು ಪ್ರಸಂಗವು ನಮ್ಮ ಕಣ್ಣು ತೆರೆಸಿತು.

ನಾವು ಎಣ್ಮಕಜೆಯ ಕಡೆಯ ಕನ್ನಡ ಮಕ್ಕಳಿಗೆ ಪಾಠ ಹೇಳುವವರು. ಗಾದೆಗಳ ಪಾಠ ನಡೆದಿತ್ತು. ಕೆಲಸವಿಲ್ಲದ ಕ್ಷೌರಿಕನು ಬೆಕ್ಕಿನ ತಲೆ ಬೋಳಿಸಿದನೆಂಬ ಗಾದೆಯನ್ನು, ಊರಿನಲ್ಲಿ ಆಡುವ ಒರಟು ಪದವನ್ನೇ ಇಟ್ಟು ಕರಿಹಲಗೆಯ ಮೇಲೆ ಬರೆದೆವು. ಮಕ್ಕಳು ಬಿದ್ದು ಬಿದ್ದು ನಕ್ಕರು. ನಾವೂ ನಕ್ಕೆವು. ಒಬ್ಬ ಹುಡುಗ ಮಾತ್ರ ನಗಲಿಲ್ಲ. ಸಂಜೆ ಪುಸ್ತಕಗಳನ್ನು ತಿದ್ದುವಾಗ ನೋಡಿದರೆ, ಉಳಿದ ಒಂಬತ್ತು ಗಾದೆಗಳನ್ನು ಅವನು ಮುತ್ತು ಪೋಣಿಸಿದಂತೆ ಬರೆದಿದ್ದ. ಆ ಒಂದರ ಜಾಗದಲ್ಲಿ ಒಂದು ಗೆರೆಯನ್ನು ಬರಿದೆ ಬಿಟ್ಟಿದ್ದ. ಅವನ ತಂದೆಯ ಕಸುಬು ಯಾವುದೆಂಬುದು ನಮಗೆ ತಿಳಿಯದ ಸಂಗತಿಯಾಗಿರಲಿಲ್ಲ. ತಿಂಗಳಿಗೊಮ್ಮೆ ಆತನ ಕುರ್ಚಿಯಲ್ಲಿ ಕುಳಿತು ಬರುತ್ತಿದ್ದವರು ನಾವೇ.

ಆ ಬರಿದಾದ ಗೆರೆಯನ್ನು ಕಂಡ ಮೇಲೆ ಭಾಷೆಯನ್ನೂ ಸಾಹಿತ್ಯವನ್ನೂ ಮತ್ತೆ ಪರಿಶೀಲಿಸಬೇಕೆನಿಸಿತು. ಕ್ಷೌರವೆಂಬುದು ಸಂಸ್ಕೃತದ ‘ಕ್ಷುರ’ದಿಂದ, ಅಂದರೆ ಕತ್ತಿಯಿಂದ, ಬಂದ ಪದ. ನಮ್ಮ ಕಡೆಯ ‘ಕೆಲಸಿ’ ಎಂಬುದು ಕೆಲಸದಿಂದ ಹುಟ್ಟಿದ ಹೆಸರು. ಇಂದು ಬೈಗುಳಾಗಿ ಬಳಕೆಯಾಗುವ ‘ಹಜಾಮ’ ಅರಬಿ ಭಾಷೆಯದು. ದೇಹದ ಕೆಟ್ಟ ನೆತ್ತರನ್ನು ತೆಗೆದು ಚಿಕಿತ್ಸೆ ಮಾಡುವವನೆಂದು ಅದರ ಮೂಲಾರ್ಥ. ಈ ಮೂರರಲ್ಲಿ ಒಂದೂ ಹುಟ್ಟಿನಲ್ಲಿ ಬೈಗುಳಲ್ಲ. ಕತ್ತಿಯ ನೈಪುಣ್ಯ, ದುಡಿಮೆ, ವೈದ್ಯ ಎಂಬ ಮೂರು ಗುಣಗಳನ್ನು ಈ ಹೆಸರುಗಳು ಹೇಳುತ್ತಿದ್ದವು. ನಾವು ಅವನ್ನು ಮರೆತು, ಮೋಸಕ್ಕೆ ‘ತಲೆ ಬೋಳಿಸುವುದು’ ಎಂಬ ಮಾತನ್ನು ಉಳಿಸಿಕೊಂಡೆವು.

ಇದು ನಮ್ಮ ನಾಡಿನ ಕಥೆ ಮಾತ್ರವಲ್ಲ. ಇಂಗ್ಲೆಂಡಿನಲ್ಲಿ 1540ರಲ್ಲಿ, ಎಂಟನೆಯ ಹೆನ್ರಿಯ ಕಾಲದಲ್ಲಿ, ಕ್ಷೌರಿಕರನ್ನೂ ಶಸ್ತ್ರವೈದ್ಯರನ್ನೂ ಶಾಸನದ ಮೂಲಕ ಒಂದೇ ಸಂಘವಾಗಿ ಕೂಡಿಸಿದರು. ಅಲ್ಲಿಯ ಕ್ಷೌರದಂಗಡಿಗಳ ಮುಂದೆ ನಿಲ್ಲಿಸುವ ಕೆಂಪು ಬಿಳುಪಿನ ಕಂಬವು ನೆತ್ತರಿನ ಮತ್ತು ಗಾಯಕ್ಕೆ ಸುತ್ತುವ ಬಟ್ಟೆಯ ಗುರುತೆನ್ನುತ್ತಾರೆ. 1745ರಲ್ಲಿ ಶಸ್ತ್ರವೈದ್ಯರು ಬೇರೆಯಾದರು. ವಿದ್ಯೆಯೂ ಗೌರವವೂ ಅವರ ಪಾಲಾಯಿತು. ಕ್ಷೌರಿಕನ ಪಾಲಿಗೆ ಕತ್ತಿ ಕನ್ನಡಿಗಳು ಉಳಿದುವು. ದಕ್ಷಿಣ ಭಾರತದ ಬಹಳ ಕಡೆಗಳಲ್ಲಿಯೂ ಕುರು ಕೊಯ್ಯುತ್ತಿದ್ದವನು ಕ್ಷೌರಿಕನೇ. ಹೆರಿಗೆ ಮಾಡಿಸುತ್ತಿದ್ದವಳು ಅವನ ಮನೆಯಾಕೆ. ಆಸ್ಪತ್ರೆಗಳು ಬಂದ ಮೇಲೆ ಆ ಕೈಗಳ ಉಪಕಾರವನ್ನು ನೆನೆದವರು ಕಡಮೆ.

ಆದರೂ ಒಂದು ವ್ಯತ್ಯಾಸವುಂಟು. ಲಂಡನ್ನಿನಲ್ಲಿ 1805ರಲ್ಲಿ ತೆರೆದ ಟ್ರೂಫಿಟ್ ಎಂಬವರ ಅಂಗಡಿ ‘ಟ್ರೂಫಿಟ್ ಅಂಡ್ ಹಿಲ್’ ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ. ಬಿಸಿನೀರಿನ ವಸ್ತ್ರ, ಕೂದಲಿನ ಕುಂಚ, ಸಾಬೂನಿನ ನೊರೆ, ನೀಳವಾದ ಕತ್ತಿ ಇವೆಲ್ಲ ಅಲ್ಲಿ ಪರಂಪರೆಯೆನಿಸಿ ಮರ್ಯಾದೆ ಪಡೆದಿವೆ. ಅದೇ ನೊರೆ, ಅದೇ ಕತ್ತಿ ನಮ್ಮಲ್ಲಿ ಜಾತಿಯ ಗುರುತು. ಸಾಹಿತ್ಯದಲ್ಲಿಯೂ ಹಾಗೆಯೇ. ಬೋಮಾರ್ಶೆ ಎಂಬ ಫ್ರೆಂಚ್ ನಾಟಕಕಾರನು 1775ರಲ್ಲಿ ರಂಗಕ್ಕೆ ತಂದ ಸೆವಿಲ್ಲಿನ ಕ್ಷೌರಿಕ ಫಿಗರೋ ನಗಿಸುವವನು ನಿಜ. ಆದರೆ ಅವನು ಒಡೆಯನಿಗಿಂತ ಬುದ್ಧಿವಂತ. ಈ ಪಾತ್ರದ ಮುಂದಿನ ನಾಟಕವನ್ನು ದೊರೆ ಕೆಲಕಾಲ ತಡೆಹಿಡಿದಿದ್ದನು. ಕ್ಷೌರಿಕನನ್ನು ಕಂಡು ನಗುವುದು ಬೇರೆ, ಕ್ಷೌರಿಕನೊಡನೆ ನಗುವುದು ಬೇರೆ. ನಮ್ಮ ಗಾದೆಗಳಿಗೆ ಮೊದಲನೆಯದು ಮಾತ್ರ ಗೊತ್ತು.

ಹಾಗಾದರೆ ಕನ್ನಡದಲ್ಲಿ ಕ್ಷೌರಿಕನ ಧ್ವನಿಯೇ ಇಲ್ಲವೆ? ಉಂಟು. ಹನ್ನೆರಡನೆಯ ಶತಮಾನದ ಹಡಪದ ಅಪ್ಪಣ್ಣನನ್ನು ಮರೆಯುವಂತಿಲ್ಲ. ‘ಹಡಪ’ವೆಂಬ ಮಾತು ಎಲೆಯಡಿಕೆಯ ಸಂಚಿಗೂ ಸಲ್ಲುತ್ತದೆ, ಕ್ಷೌರಿಕನ ಚೀಲಕ್ಕೂ ಸಲ್ಲುತ್ತದೆ. ಆತನು ಬಸವಣ್ಣನವರ ಹಡಪ ಹಿಡಿದವನೆಂದೂ, ಕ್ಷೌರಿಕರ ಕುಲದವನೆಂದೂ ಪರಂಪರೆಯು ಹೇಳುತ್ತದೆ. ಕಲ್ಯಾಣವು ಕದಡಿದ ಮೇಲೆ, ಸಂಗಮದಲ್ಲಿದ್ದ ಬಸವಣ್ಣನವರು ನೀಲಾಂಬಿಕೆಯನ್ನು ಕರೆತರಲು ಕಳುಹಿಸಿದ್ದು ಇವನನ್ನೇ ಎಂಬುದು ಪ್ರತೀತಿ. ಇವನ ಮಡದಿ ಲಿಂಗಮ್ಮನೂ ವಚನಕಾರ್ತಿ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅಪ್ಪಣ್ಣನ ವಚನಗಳನ್ನು ತೆರೆದಾಗ ನಾವು ಮೊದಲು ಹುಡುಕಿದ್ದು ಕತ್ತಿ, ಕನ್ನಡಿ, ಸಾಣೆಕಲ್ಲುಗಳನ್ನು. ಅಂಬಿಗರ ಚೌಡಯ್ಯನಲ್ಲಿ ಹುಟ್ಟುಗೋಲು ಕಂಡಂತೆ ಇಲ್ಲಿಯೂ ಕಸುಬಿನ ಸಲಕರಣೆ ಕಾಣಬೇಕೆಂಬುದು ನಮ್ಮ ನಿರೀಕ್ಷೆ. ನಮಗೆ ಎದುರಾದುದು ಗುರುವಿನ, ಅರಿವಿನ, ಶಿವಯೋಗದ ಮಾತುಗಳು; ಲಿಂಗಮ್ಮನಲ್ಲಿ ಮನಸ್ಸನ್ನು ನಿಲ್ಲಿಸುವ ಬಗೆಯ ಮಾತುಗಳು. ನಮಗೆ ನಿರಾಶೆಯಾಯಿತು. ಆಮೇಲೆ ಆ ನಿರಾಶೆಗಾಗಿ ನಾಚಿಕೆಯಾಯಿತು. ಬ್ರಾಹ್ಮಣ ಕವಿಯ ಕಾವ್ಯದಲ್ಲಿ ದರ್ಭೆಯನ್ನು ಯಾರಾದರೂ ಹುಡುಕುವರೆ? ಕ್ಷೌರಿಕನು ಬರೆದರೆ ಕತ್ತಿಯ ವಿಷಯವನ್ನೇ ಬರೆಯಬೇಕೆಂಬುದು ವಿಮರ್ಶೆಯಲ್ಲ, ವಿಮರ್ಶೆಯ ವೇಷ ತೊಟ್ಟ ಜಾತಿ. ಅಪ್ಪಣ್ಣನು ತನ್ನ ಕಸುಬನ್ನು ಪ್ರದರ್ಶನಕ್ಕೆ ಇಡದೆ ಇದ್ದುದೇ ಅವನ ಸ್ವಾತಂತ್ರ್ಯ.

ಇದಕ್ಕೂ ಹಿಂದೆ ಬೌದ್ಧರಲ್ಲಿ ಉಪಾಲಿ ಇದ್ದನು. ಶಾಕ್ಯ ಕುಮಾರರ ಕ್ಷೌರಿಕನಾಗಿದ್ದ ಅವನಿಗೆ, ಅವರಿಗಿಂತ ಮೊದಲು ದೀಕ್ಷೆಯಾಯಿತು. ತಮ್ಮ ಗರ್ವ ಇಳಿಯಲೆಂದು, ಹಿರಿಯನಾದ ಅವನಿಗೆ ತಾವು ನಮಸ್ಕರಿಸುವಂತಾಗಲೆಂದು, ಆ ಕುಮಾರರೇ ಹಾಗೆ ಬೇಡಿಕೊಂಡರು. ಬುದ್ಧನು ತೀರಿದ ಬಳಿಕ ರಾಜಗೃಹದ ಸಭೆಯಲ್ಲಿ ಸಂಘದ ನಿಯಮಗಳನ್ನು ನೆನಪಿನಿಂದ ಹೇಳಿದವನು ಆ ಉಪಾಲಿ.

ಹೊಸಗನ್ನಡಕ್ಕೆ ಬಂದರೆ, ಕ್ಷೌರದ ಕತ್ತಿಯು ಅಲ್ಲಿ ಘೋರರೂಪದಿಂದ ಕಾಣಿಸಿಕೊಳ್ಳುತ್ತದೆ. ನಮ್ಮ ದಕ್ಷಿಣ ಕನ್ನಡದವರಾದ ಗುಲ್ವಾಡಿ ವೆಂಕಟರಾಯರು 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿಯ ಮೂಲಕ ವಿಧವೆಯ ಬಾಳನ್ನು ಚರ್ಚೆಗೆ ತಂದರು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಕಾದಂಬರಿಯಲ್ಲಿ, ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ಮುಡಿಯನ್ನೂ ಕಳೆದುಕೊಂಡ ಹಿರಿಯಳು, ತಲೆ ಕೊಡಲೊಲ್ಲದ ಕಿರಿಯಳ ಪಕ್ಷ ವಹಿಸುತ್ತಾಳೆ. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು 1977ರಲ್ಲಿ ತೆಗೆದ ‘ಘಟಶ್ರಾದ್ಧ’ ಚಿತ್ರದ ಕೊನೆಗೆ ಕಾಣುವ ಯಮುನೆಯ ಬೋಳುತಲೆಯನ್ನು ನೋಡಿದವರು ಮರೆಯಲಾರರು. ಇವು ನಮ್ಮ ಹೆಮ್ಮೆಯ ಕೃತಿಗಳು. ಹೆಣ್ಣಿನ ಸಂಕಟವೇ ಇವುಗಳ ಕೇಂದ್ರವಾಗಿರುವುದು ನ್ಯಾಯವೇ. ಆದರೂ ಒಂದು ಮಾತು ಕೇಳಬೇಕೆನಿಸುತ್ತದೆ. ನಮ್ಮ ಸಾಹಿತ್ಯದಲ್ಲಿ ಆ ಕತ್ತಿಯನ್ನು ಹಿಡಿದ ಕೈಯು ಏನೆಂದುಕೊಂಡಿತು? ಅಪ್ಪಣೆ ಮಾಡಿದವರು ಜಗಲಿಯ ಮೇಲೆ, ಅಳುವವಳು ಮುಂದೆ, ನಡುವೆ ಈತ. ರಾತ್ರಿ ಮನೆಗೆ ಹೋಗಿ ತನ್ನ ಮಗಳ ಜಡೆಯನ್ನು ಈತನು ಹೇಗೆ ನೋಡಿದನು?

ಇದು ನಮ್ಮ ಕಲ್ಪನೆಯ ಪ್ರಶ್ನೆಯಲ್ಲ. 1890ರಲ್ಲಿ ಮುಂಬಯಿಯಲ್ಲಿ ಕ್ಷೌರಿಕರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸೆವೆಂದು ನಿಶ್ಚಯಿಸಿದರು. ಅದನ್ನು ಸಂಘಟಿಸಿದವರು ಜ್ಯೋತಿಬಾ ಫುಲೆಯವರ ಅನುಯಾಯಿ, ಕಾರ್ಮಿಕ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆ. ಪಂಡಿತರು ಶಾಸ್ತ್ರಾರ್ಥ ನಡೆಸುತ್ತಿದ್ದ ಕಾಲದಲ್ಲಿ ಕತ್ತಿಯನ್ನು ಕೆಳಗಿಟ್ಟವರು ಇವರು. ಇಂತಹ ಒಂದು ಗಳಿಗೆಯು ಕಾದಂಬರಿಕಾರನಿಗೆ ಎಂತಹ ವಸ್ತುವಲ್ಲ!

ಹಾಗೆಂದು ಕ್ಷೌರಿಕನನ್ನು ನಿರ್ದೋಷಿಯೆಂದು ಚಿತ್ರಿಸಿದರೆ ಅದೂ ಸುಳ್ಳಾದೀತು. ಹಿಂದೆ ಆತನು ಚೀಲ ಹಿಡಿದು ಒಕ್ಕಲುಗಳ ಅಂಗಳಕ್ಕೆ ಹೋಗಿ, ಕೊಯ್ಲಿನ ಬತ್ತಕ್ಕಾಗಿ ವರ್ಷವಿಡೀ ದುಡಿಯುತ್ತಿದ್ದನು. ಮುಟ್ಟಿಸಿಕೊಂಡವರು ಮಿಂದೇ ಒಳಹೋಗುತ್ತಿದ್ದರು. ಸೆಲೂನು ಬಂದ ಮೇಲೆ ಅವನು ನಿಂತಲ್ಲಿಗೆ ಊರೇ ಬಂದು ಸರದಿ ಕಾಯುವಂತಾಯಿತು. ಇದು ಸದ್ದಿಲ್ಲದೆ ನಡೆದ ದೊಡ್ಡ ಕ್ರಾಂತಿ. ಆದರೆ ಅದೇ ಕುರ್ಚಿಯನ್ನು ದಲಿತನಿಗೆ ನಿರಾಕರಿಸಿದ ಅಂಗಡಿಗಳೂ ನಾಡಿನಲ್ಲಿ ಇದ್ದುವು. 1955ರ ಅಸ್ಪೃಶ್ಯತಾ ನಿಷೇಧದ ಕಾಯಿದೆಯ ಬಳಿಕವೂ ಅಂತಹ ಸುದ್ದಿಗಳನ್ನು ಓದಿದ್ದೇವೆ. ಮೇಲಿನವರಿಂದ ಅವಮಾನ ಉಂಡವನು ಕೆಳಗಿನವನಿಗೆ ಅದನ್ನೇ ಬಡಿಸುವ ಈ ದುರಂತವನ್ನು ಗಾದೆ ಹೇಳಲಾರದು. ಸಾಹಿತ್ಯ ಹೇಳಬಲ್ಲುದು, ಹೇಳಬೇಕು.

ಆ ಬರಿದಾದ ಗೆರೆಯನ್ನು ಕಂಡ ವಾರ ನಾವು ಪೇಟೆಯ ಅದೇ ಅಂಗಡಿಗೆ ಹೋದೆವು. ಬಿಳಿಯ ಬಟ್ಟೆ ಹೊದಿಸಿ, ಕತ್ತರಿ ಎತ್ತಿಕೊಂಡು, ಆತನು ಎಂದಿನ ವಿನಯದಿಂದ ಕೇಳಿದ್ದು ಇಷ್ಟೇ: “ಮಗ ಹೇಗೆ ಕಲಿಯುತ್ತಾನೆ ಮಾಷ್ಟ್ರೆ? ಅಕ್ಷರ ಚಂದ ಉಂಟಾ?”

“ಚಂದ ಉಂಟು” ಎಂದೆವು. ಕುತ್ತಿಗೆಯ ಹಿಂದೆ ಕತ್ತಿ ಆಡುತ್ತಿತ್ತು; ತಲೆ ತಗ್ಗಿತ್ತು. ಕನ್ನಡಿಯಲ್ಲಿ ಆತನ ಮುಖವನ್ನು ನೋಡುವ ಧೈರ್ಯವಾಗಲಿಲ್ಲ. ಕಡೆಗೆ ಪಟಿಕದ ತುಂಡನ್ನು ಒರೆಸಿ, “ಆಯಿತು ಮಾಷ್ಟ್ರೆ” ಎಂದನು. ಹುಡುಗನು ಮನೆಯಲ್ಲಿ ಏನನ್ನೂ ಹೇಳಿರಲಿಲ್ಲ.

ಮರುದಿನ ತರಗತಿಯಲ್ಲಿ ಆ ಗಾದೆಯನ್ನು ಹೊಡೆದುಹಾಕಿಸಿದೆವು. ಹಾಗೆ ಮಾಡಿದ್ದು ಏಕೆಂದೂ, ಬರೆಸಿದ್ದು ನಮ್ಮ ತಪ್ಪೆಂದೂ ಹೇಳಿದೆವು. ಹಡಪದ ಅಪ್ಪಣ್ಣನ ಕಥೆಯನ್ನು ಹೇಳಿದೆವು. ಹುಡುಗನು ಆ ಖಾಲಿ ಗೆರೆಯಲ್ಲಿ ಅಪ್ಪಣ್ಣನ ಹೆಸರನ್ನು ಬರೆದುಕೊಂಡನು. ಅಕ್ಷರ ಚಂದವಾಗಿಯೇ ಇತ್ತು. ಒಂದು ಗೆರೆಯ ಲೋಪವನ್ನು ಉಪಾಧ್ಯಾಯನು ತಿದ್ದಿಯಾನು. ಸಾಹಿತ್ಯದಲ್ಲಿ ಬರಿದಾಗಿಯೇ ಉಳಿದಿರುವ ಗೆರೆಗಳನ್ನು ನಮ್ಮ ಲೇಖಕರು ತುಂಬಬೇಕು. ಅವರಲ್ಲಿ ಕೆಲವರಾದರೂ ಈಗ ಅಂತಹ ಅಂಗಡಿಗಳ ಹಿಂದಿನ ಕೋಣೆಯಲ್ಲಿ ಕುಳಿತು ಮನೆಪಾಠ ಬರೆಯುತ್ತಿರಬಹುದು. ಅವರು ಏನನ್ನು ಬರೆಯಬೇಕೆಂಬುದನ್ನು ಮಾತ್ರ ನಾವು ಹೇಳಿಕೊಡಬೇಕಾಗಿಲ್ಲ.